ಸವೆದ ಕಾಂಕ್ರೀಟಿಗೆ ಹೊಸ ಮೈ

ಮಳೆಗಾಲ ಕಳೆದು ಅಂಗಳ ಒಣಗುವ ಹೊತ್ತಿಗೆ ಮನೆಯ ಸುತ್ತಲಿನ ಕಾಂಕ್ರೀಟಿನ ಸವಕಳಿ ಕಣ್ಣಿಗೆ ಬೀಳತೊಡಗುತ್ತದೆ. ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಕುರಿತವು. ‘ಇದ್ದದ್ದರ ಮೇಲೆ ಒಂದು ಪದರ ಗಾರೆ ಹಾಕಿಸಿದರೆ ಸಾಲದೇ?’ ಎಂಬುದೇ ಎಲ್ಲರ ಪ್ರಶ್ನೆ. ಆದರೆ ಊರು, ಮಣ್ಣು, ನೀರು ಬದಲಾದಂತೆ ಉತ್ತರವೂ ಬದಲಾಗುವುದರಿಂದ ಐದು ಪತ್ರಗಳನ್ನು ಆಯ್ದು ಒಂದೊಂದಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆ ಕಟ್ಟಿ ಹನ್ನೆರಡು ವರ್ಷವಾಯಿತು. ಕಾರು ನಿಲ್ಲಿಸುವ ಸುಮಾರು 180 ಚದರ ಅಡಿ ಜಾಗಕ್ಕೆ ಆಗ ನಾಲ್ಕು ಅಂಗುಲ ದಪ್ಪದ ಕಾಂಕ್ರೀಟ್ ಹಾಕಿಸಿದ್ದೆವು. ಮೊದಲ ವರ್ಷದಿಂದಲೇ, ಎಷ್ಟು ಗುಡಿಸಿದರೂ ಬೂದಿಯಂಥ ಪುಡಿ ಏಳುತ್ತಿತ್ತು. ಎರಡು ವರ್ಷದ ಹಿಂದೆ ಅದರ ಮೇಲೆ ಅರ್ಧ ಅಂಗುಲ ಸಿಮೆಂಟ್ ಗಾರೆ ಮೆತ್ತಿಸಿದೆವು. ಆರೇ ತಿಂಗಳಲ್ಲಿ, ಕಾರಿನ ಚಕ್ರ ಓಡಾಡುವ ಜಾಗದಲ್ಲೆಲ್ಲ ಅದು ಹಪ್ಪಳದಂತೆ ಎದ್ದು ಬಂತು. ಪೂರ್ತಿ ಒಡೆಸಿಬಿಡಬೇಕೇ, ಇಲ್ಲವೇ ಇನ್ನೊಮ್ಮೆ ಸರಿಯಾಗಿ ಹಾಕಿಸಿದರೆ ನಿಲ್ಲುತ್ತದೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಒಡೆಸುವ ತೀರ್ಮಾನಕ್ಕೆ ಬರುವ ಮೊದಲು ಈ ಪುಡಿ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಎರಡನೆಯ ಸಲ ಹಾಕಿದ ಗಾರೆ ಎದ್ದು ಬಂದದ್ದಕ್ಕೂ ಅದೇ ಮೂಲ. ಕಾಂಕ್ರೀಟ್ ಸುಲಭವಾಗಿ ಹರಡಲೆಂದು ನೀರು ಹೆಚ್ಚು ಸುರಿದಾಗ ಜಲ್ಲಿ, ಮರಳು ಕೆಳಕ್ಕೆ ಇಳಿದು, ಹೆಚ್ಚಿನ ನೀರು ನುಣ್ಣನೆಯ ಸಿಮೆಂಟ್ ಕೆನೆಯನ್ನು ಹೊತ್ತು ಮೇಲಕ್ಕೆ ಬರುತ್ತದೆ. ಆ ನೀರು ಆರುವುದಕ್ಕೆ ಮೊದಲೇ ಕರಣೆ ಆಡಿಸಿದರೆ, ಅಥವಾ ನೀರು ಹೀರಲೆಂದು ಒಣ ಸಿಮೆಂಟ್ ಉದುರಿಸಿ ನುಣುಪು ಮಾಡಿದರೆ, ನೋಡಲು ಕನ್ನಡಿಯಂತಿದ್ದರೂ ಮೇಲಿನ ಒಂದೆರಡು ಮಿಲಿಮೀಟರ್ ಪದರಕ್ಕೆ ಬಲವೇ ಇರುವುದಿಲ್ಲ. ಸಾಲದ್ದಕ್ಕೆ ಎರಡೇ ದಿನ ನೀರುಣಿಸಿ ಬಿಟ್ಟಿದ್ದರೆ ಆ ಪದರ ಹಣ್ಣಾಗುವ ಮೊದಲೇ ಒಣಗಿರುತ್ತದೆ. ಗುಡಿಸುವಾಗ ನಿಮ್ಮ ಪೊರಕೆಗೆ ಸಿಕ್ಕಿದ್ದು ಅದೇ ಪದರ. ಎರಡು ವರ್ಷದ ಹಿಂದೆ ಮೆತ್ತಿದ ಗಾರೆ ಹಿಡಿದುಕೊಂಡದ್ದು ಕೂಡ ಆ ಪುಡಿಯನ್ನೇ ಹೊರತು ಅದರ ಕೆಳಗಿನ ಗಟ್ಟಿ ಕಾಂಕ್ರೀಟನ್ನಲ್ಲ. ಗೋಡೆಗೆ ಬಳಸುವ ನುಣ್ಣನೆಯ ಪಿ ಸ್ಯಾಂಡಿನಲ್ಲೇ ಆ ಗಾರೆ ಕಲಸಿದ್ದರೆ ಒಣಗುವಾಗ ಅದು ಇನ್ನಷ್ಟು ಕುಗ್ಗಿ, ಅಂಚುಗಳಿಂದ ತಾನೇ ಬಿಡಿಸಿಕೊಂಡಿರುತ್ತದೆ. ಆಮೇಲೆ ಚಕ್ರದ ಭಾರ ಬಿದ್ದದ್ದು ಒಂದು ನೆಪ ಮಾತ್ರ.

ಆದ್ದರಿಂದ ಮೊದಲು ಹಳೆಯ ಗಾರೆಯನ್ನು ಅಂಟಿಕೊಂಡಿರುವ ಕಡೆಯಲ್ಲೂ ಬಿಡದೆ ಪೂರ್ತಿ ಕಿತ್ತು ಹಾಕಿಸಿ, ಮೂಲ ಕಾಂಕ್ರೀಟನ್ನು ಪರೀಕ್ಷಿಸಿ. ಸುತ್ತಿಗೆಯಿಂದ ಅಡಿಗೊಂದು ಕಡೆ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿಯಾದಲ್ಲಿ ‘ಟಣ್’ ಎಂದೂ ಒಳಗೆ ಬಿಟ್ಟುಕೊಂಡಿರುವಲ್ಲಿ ಮಡಕೆ ತಟ್ಟಿದಂತೆ ಟೊಳ್ಳಾಗಿಯೂ ಸದ್ದು ಕೇಳುತ್ತದೆ. ಟೊಳ್ಳು ಇರುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಮೊಳೆಯಿಂದ ಬಲವಾಗಿ ಕೆರೆದಾಗ ಸಣ್ಣ ಗೀರು ಬಿದ್ದು ನಿಂತರೆ ಕೆಳಗಿನ ಪದರ ಗಟ್ಟಿಯಿದೆ ಎಂದರ್ಥ. ಮೊಳೆ ಮಣ್ಣಿಗೆ ಇಳಿದಂತೆ ಇಳಿದರೆ ಇನ್ನೂ ಕೆದಕಬೇಕು. ಬಿರುಕುಗಳಿದ್ದರೆ ಅವುಗಳ ಎರಡು ದಡ ಒಂದೇ ಮಟ್ಟದಲ್ಲಿವೆಯೇ ಎಂದು ಕೈಯಾಡಿಸಿ ನೋಡಿ. ಒಂದು ದಡ ಕುಸಿದಿದ್ದರೆ ತಳದ ಮಣ್ಣು ಸರಿದಿದೆ ಎಂದು ತಿಳಿಯಬೇಕು. ಅಂಥ ಭಾಗವನ್ನು ಒಡೆದು, ಮಣ್ಣು ದಮ್ಮಸು ಮಾಡಿ ಹೊಸದಾಗಿಯೇ ಹಾಕಬೇಕಾಗುತ್ತದೆ. ಉಳಿದದ್ದೆಲ್ಲ ಗಟ್ಟಿಯಿದ್ದರೆ ಪೂರ್ತಿ ಒಡೆಸುವ ಖರ್ಚು ನಿಮಗೆ ಬೇಡ.

ಇನ್ನು ನಿಜವಾದ ಕೆಲಸ. ಇಡೀ ಮೇಲ್ಮೈಗೆ ಉಳಿ, ಸುತ್ತಿಗೆಯಿಂದ ಅಥವಾ ಯಂತ್ರದಿಂದ ಒತ್ತೊತ್ತಾಗಿ ಕಚ್ಚು ಹಾಕಿಸಬೇಕು. ಮೇಸ್ತ್ರಿಗಳು ಇದನ್ನೇ ಹ್ಯಾಕಿಂಗ್ ಎನ್ನುತ್ತಾರೆ. ಎಷ್ಟು ಹಾಕಬೇಕೆಂದರೆ, ಒಳಗಿನ ಜಲ್ಲಿಯ ಮುಖ ಎಲ್ಲೆಡೆ ಕಾಣಿಸಬೇಕು. ಅಡಿಗೆ ನಾಲ್ಕು ಏಟು ಹಾಕಿ ಮುಗಿಸುವ ರೂಢಿ ಬಹಳ ಕಡೆ ಇದೆ, ಅದು ಸಾಲುವುದಿಲ್ಲ. ಕಾರಿನ ಎಣ್ಣೆ ಬಿದ್ದ ಕಲೆಯನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಎಣ್ಣೆ ಒಳಕ್ಕೆ ಇಳಿದಿದ್ದರೆ ಅಷ್ಟು ಭಾಗವನ್ನು ಕೆತ್ತಿಯೇ ತೆಗೆಯಬೇಕು. ಕಚ್ಚಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ನೀರು ಚಿಮುಕಿಸುತ್ತ ಕೆಲಸ ಮಾಡುವಂತೆಯೂ ಮುಖಕ್ಕೆ ಒಳ್ಳೆಯ ಮುಖಗವಸು ಧರಿಸುವಂತೆಯೂ ಕೆಲಸದವರಿಗೆ ಹೇಳಿ. ಅದನ್ನು ತಂದುಕೊಡುವುದು ಮನೆಯವರ ಹೊಣೆ ಎಂದೇ ನನ್ನ ಅಭಿಪ್ರಾಯ. ಬಳಿಕ ತಂತಿ ಬ್ರಷ್ಷಿನಿಂದ ಉಜ್ಜಿ, ನೀರು ಹಾಯಿಸಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು.

ಎಷ್ಟು ದಪ್ಪ ಹಾಕಬೇಕೆಂಬುದನ್ನು ಗೇಟು ಹೇಳುತ್ತದೆ. ಕಾರು ನಿಲ್ಲುವ ಜಾಗಕ್ಕೆ ಜಲ್ಲಿ ಸೇರಿಸಿದ 40 ಮಿ.ಮೀ. ಪದರ ನಂಬಿಕೆಗೆ ಅರ್ಹವಾದುದು. ಆದರೆ ಅಷ್ಟು ಎತ್ತರವಾದಾಗ ಗೇಟು ತಿರುಗುತ್ತದೆಯೇ, ಸಂಪಿನ ಮುಚ್ಚಳ ಹಳ್ಳದಲ್ಲಿ ಉಳಿಯುತ್ತದೆಯೇ, ಮಳೆನೀರು ಹೊಸ್ತಿಲ ಕಡೆಗೆ ತಿರುಗುತ್ತದೆಯೇ ಎಂಬುದನ್ನು ದಾರ ಹಿಡಿದು ಮೊದಲೇ ನೋಡಿಕೊಳ್ಳಿ. ನೀರು ಹರಿಯಲು ನೂರು ಅಡಿಗೆ ಒಂದು ಅಡಿಯ ಲೆಕ್ಕದ, ಅಂದರೆ ಎಂಟು ಅಡಿಗೆ ಸುಮಾರು ಒಂದು ಅಂಗುಲದ, ಇಳಿಜಾರು ಇರಲಿ. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಎರಡೂವರೆ ಪಾಲು 6ರಿಂದ 10 ಮಿ.ಮೀ. ಗಾತ್ರದ ಸಣ್ಣ ಜಲ್ಲಿ ಸರಿಹೋಗುತ್ತದೆ. ನಿಮ್ಮ 180 ಚದರ ಅಡಿಗೆ ಆರರಿಂದ ಏಳು ಮೂಟೆ ಸಿಮೆಂಟ್ ಹಿಡಿಯಬಹುದು. 50 ಕಿಲೋ ಮೂಟೆಯೊಂದಕ್ಕೆ 22ರಿಂದ 23 ಲೀಟರ್ ನೀರು ಸಾಕು, ಮರಳಿನಲ್ಲಿರುವ ತೇವವೂ ಅದರಲ್ಲೇ ಸೇರಿತು. ನೀರನ್ನು ಅಳೆದು ಹಾಕುವಂತೆ ಹೇಳಿದರೆ ಮೇಸ್ತ್ರಿಗೆ ಬೇಸರವಾಗಬಹುದು. ಆದರೂ ಬಿಂದಿಗೆಯ ಲೆಕ್ಕವನ್ನು ನೀವೇ ಹತ್ತಿರ ನಿಂತು ಇಡಿ, ಏಕೆಂದರೆ ಹನ್ನೆರಡು ವರ್ಷದ ಹಿಂದೆ ತಪ್ಪಿದ್ದು ಬಹುಶಃ ಅಲ್ಲಿಯೇ.

ಹಿಂದಿನ ರಾತ್ರಿಯೇ ಹಳೆಯ ಕಾಂಕ್ರೀಟಿಗೆ ಹೊಟ್ಟೆ ತುಂಬ ನೀರುಣಿಸಿ, ಬೆಳಗ್ಗೆ ಎಲ್ಲಿಯೂ ನೀರು ನಿಲ್ಲದಂತೆ ಒರೆಸಿ. ಒಳಗೆ ತೇವವಿದ್ದು ಮೇಲೆ ನೀರು ಕಾಣಬಾರದು. ಒಣಗಿದ ನೆಲ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ, ನಿಂತ ನೀರು ಅಂಟನ್ನು ಸಡಿಲಿಸುತ್ತದೆ. ಅನಂತರ ಗಟ್ಟಿಯಾದ ಸಿಮೆಂಟ್ ಹಾಲನ್ನು, ಸಾಧ್ಯವಾದರೆ ಎಸ್‌ಬಿಆರ್ ಲೇಟೆಕ್ಸ್ ಎಂಬ ರಬ್ಬರಿನಂಥ ಅಂಟುದ್ರವ ಬೆರೆಸಿದ್ದನ್ನು, ಬ್ರಷ್ಷಿನಿಂದ ತಿಕ್ಕಿ ಹಚ್ಚಿ, ಅದು ಹಸಿಯಾಗಿರುವಾಗಲೇ ಹೊಸ ಪದರ ಹರಡಬೇಕು. ಹತ್ತು ಚದರ ಅಡಿ ಹಚ್ಚಿ ಹತ್ತು ಚದರ ಅಡಿ ಹರಡುತ್ತ ಹೋಗುವುದು ಕ್ರಮ. ಇಡೀ ಜಾಗಕ್ಕೆ ಒಮ್ಮೆಗೇ ಹಾಲು ಹಚ್ಚಿ ಊಟಕ್ಕೆ ಹೋದರೆ ಒಣಗಿದ ಆ ಪದರವೇ ಹೊಸದನ್ನೂ ಹಳೆಯದನ್ನೂ ಬೇರೆ ಮಾಡುವ ಹಾಳೆಯಾಗಿಬಿಡುತ್ತದೆ. ಹಳೆಯ ಕಾಂಕ್ರೀಟಿನಲ್ಲಿ ಎಲ್ಲೆಲ್ಲಿ ಜಂಟಿಗಳು, ಅಂದರೆ ಬೇಕೆಂದೇ ಬಿಟ್ಟ ಸಂದುಗಳು, ಇವೆಯೋ ಅವುಗಳ ನೇರಕ್ಕೇ ಹೊಸ ಪದರದಲ್ಲೂ ಜಂಟಿ ಬಿಡಿ. ಬಿಡದಿದ್ದರೆ ಕೆಲವು ತಿಂಗಳಲ್ಲಿ ಬಿರುಕು ತಾನಾಗಿಯೇ ಆ ಗೆರೆಯನ್ನು ಹುಡುಕಿಕೊಂಡು ಬರುತ್ತದೆ. ಪದರದ ಅಂಚನ್ನು ದೋಸೆಯಂತೆ ತೆಳ್ಳಗೆ ಸವರಿ ಮುಗಿಸಬೇಡಿ. ಅಂಚಿನಲ್ಲಿ ಹಳೆಯದನ್ನು ಕತ್ತರಿಸಿ ತಗ್ಗು ಮಾಡಿ, ಹೊಸದು ಅಲ್ಲಿಯೂ ಪೂರ್ತಿ ದಪ್ಪದಲ್ಲೇ ಕೂರುವಂತೆ ನೋಡಿಕೊಳ್ಳಿ.

ನೀರುಣಿಸುವುದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಭಾರತೀಯ ಮಾನಕ ಐಎಸ್ 456:2000 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ ಮತ್ತು ಒಣ ಬಿಸಿಲಿಗೆ ಕನಿಷ್ಠ 10 ದಿನ ಎನ್ನುತ್ತದೆ. ಇಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಬೂದಿ ಬೆರೆತ ಪಿಪಿಸಿ. ಹಾಗಾಗಿ 14 ದಿನ ಗೋಣಿಚೀಲ ಹಾಸಿ, ಚೀಲ ಒಣಗದಂತೆ ದಿನಕ್ಕೆ ಮೂರ್ನಾಲ್ಕು ಸಲ ನೆನೆಸಿ. ಬೆಳಗ್ಗೆ ಸಂಜೆ ಪೈಪಿನಲ್ಲಿ ನೀರು ಹಾರಿಸಿದರೆ ನಡುಮಧ್ಯಾಹ್ನ ನೆಲ ಸುಡುತ್ತಲೇ ಇರುತ್ತದೆ. ಅದು ಕ್ಯೂರಿಂಗ್ ಅಲ್ಲ. ಒಂದು ದಿನದ ಮೇಲೆ ಜನ ಓಡಾಡಬಹುದು, ವಾರದ ಮೇಲೆ ಸ್ಕೂಟರ್ ನಿಲ್ಲಿಸಬಹುದು. ಕಾರಿಗೆ ಮಾತ್ರ 28 ದಿನ ಬೇರೆ ಜಾಗ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ಅಡಿಕೆ ಬೆಳೆಗಾರರ ಮನೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳಕ್ಕೆ ಇಪ್ಪತ್ತೈದು ವರ್ಷವಾಗಿದೆ. ಮೇಲ್ಮೈ ತೊಳೆದುಹೋಗಿ ಜಲ್ಲಿ ಎದ್ದು ಕಾಣುತ್ತಿದೆ, ಸೂರಿನ ಕೆಳಗೆ ಸಾಲಾಗಿ ಗುಳಿ ಬಿದ್ದಿದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ, ಕಳೆದ ಆಷಾಢದಲ್ಲಿ ನಮ್ಮ ಅತ್ತೆಯವರು ಜಾರಿ ಬಿದ್ದು ಕೈಮುರಿದುಕೊಂಡರು. ಅಡಿಕೆಗೂ ಅನುಕೂಲವಾಗಿ, ಜಾರದಂತೆಯೂ ಅಂಗಳವನ್ನು ಸರಿಪಡಿಸಲು ಸಾಧ್ಯವೇ?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಅತ್ತೆಯವರು ಬೇಗ ಚೇತರಿಸಿಕೊಳ್ಳಲಿ. ಮಲೆನಾಡಿನಲ್ಲಿ ಅಂಗಳದ ಪಾಚಿ ವಯಸ್ಸಾದವರ ಪಾಲಿಗೆ ಸಣ್ಣ ಅಪಾಯವಲ್ಲ. ಹಿಂದೆ ಮಣ್ಣಿನ ಅಂಗಳದಲ್ಲಿ ಮಳೆಗಾಲಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಅದರ ಮೇಲೆ ಓಡಾಡುತ್ತಿದ್ದ ಕ್ರಮದ ಹಿಂದೆ ಇದೇ ತಿಳಿವಳಿಕೆಯಿತ್ತು. ಸಿಮೆಂಟ್ ಬಂದ ಮೇಲೆ ಆ ಕ್ರಮವನ್ನು ಬಿಟ್ಟೆವು, ಪಾಚಿ ಉಳಿಯಿತು.

ನಿಮ್ಮ ಅಂಗಳದ್ದು ತುಮಕೂರಿನವರ ಸಮಸ್ಯೆಗಿಂತ ಬೇರೆ. ಇಲ್ಲಿ ಕಾಂಕ್ರೀಟ್ ಕೆಟ್ಟಿಲ್ಲ, ಮಳೆಯ ಮೆದುನೀರು ಇಪ್ಪತ್ತೈದು ವರ್ಷ ಸತತವಾಗಿ ಹರಿದು ಮೇಲಿನ ಸಿಮೆಂಟಿನಲ್ಲಿರುವ ಸುಣ್ಣದ ಅಂಶವನ್ನು ಕರಗಿಸಿಕೊಂಡು ಹೋಗಿದೆ. ಎದ್ದು ಕಾಣುವ ಜಲ್ಲಿಯನ್ನು ಬೆರಳಿನಿಂದ ಅಲುಗಿಸಿ ನೋಡಿ. ಅಲುಗದಿದ್ದರೆ ಹೊಸ ಪದರಕ್ಕೆ ಅದಕ್ಕಿಂತ ಒಳ್ಳೆಯ ಹಿಡಿತ ಬೇರೆ ಸಿಗದು; ಕಚ್ಚು ಹಾಕುವ ಶ್ರಮದಲ್ಲಿ ಅರ್ಧ ಉಳಿಯಿತೆಂದೇ ತಿಳಿಯಿರಿ. ಆದರೆ ಜಲ್ಲಿಯ ಸಂದಿಗಳಲ್ಲಿ ಪಾಚಿ ಕುಳಿತಿರುತ್ತದೆ. ಬ್ಲೀಚಿಂಗ್ ಪೌಡರ್ ಕದಡಿದ ನೀರನ್ನು ಹರಡಿ, ಅರ್ಧ ಗಂಟೆ ಬಿಟ್ಟು, ತಂತಿ ಬ್ರಷ್ಷಿನಿಂದ ತಿಕ್ಕಿ, ಹೆಚ್ಚು ಒತ್ತಡದ ನೀರಿನಿಂದ ತೊಳೆಯಿರಿ. ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ನೀರಿಗೂ ಸಾಕಷ್ಟು ಒತ್ತಡವಿರುತ್ತದೆ, ಆದರೆ ಔಷಧಿಯ ಅಂಶ ಉಳಿಯದಂತೆ ಅದನ್ನು ಮೊದಲು ಚೆನ್ನಾಗಿ ತೊಳೆದುಕೊಳ್ಳಬೇಕು. ಅಡಿಕೆ ಬೇಯಿಸಿದ ಚೊಗರಿನ ಕಲೆಯ ಬಗ್ಗೆ ಚಿಂತೆ ಬೇಡ, ಬಣ್ಣ ಉಳಿದರೂ ಅಂಟಿಗೆ ತೊಂದರೆಯಿಲ್ಲ.

ಅಂಗಳದಲ್ಲಿ ಭಾರದ ವಾಹನ ಓಡಾಡದಿದ್ದರೆ 25 ಮಿ.ಮೀ. ಪದರ ಸಾಕು. ಇದಕ್ಕೆ ಎಂ ಸ್ಯಾಂಡಿನ ಜೊತೆ 6 ಮಿ.ಮೀ. ಜಲ್ಲಿ ಮಾತ್ರ ಬಳಸಿ. ಲೇಟೆಕ್ಸ್ ಹಾಲನ್ನು ಇಲ್ಲಿ ಕೈಬಿಡಬೇಡಿ, ಏಕೆಂದರೆ ಪದರ ತೆಳುವಾದಷ್ಟೂ ಅದು ಅಂಟಿನ ಮೇಲೆಯೇ ಬದುಕಬೇಕು. ಗಾರೆಯ ಒಳಕ್ಕೂ ಲೇಟೆಕ್ಸ್ ಬೆರೆಸಿದ್ದರೆ ನೀರುಣಿಸುವ ಕ್ರಮ ಬೇರೆಯಾಗುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮೊದಲ ಒಂದೆರಡು ದಿನ ತೇವವಾಗಿಟ್ಟು ಆಮೇಲೆ ಒಣಗಲು ಬಿಡಬೇಕು, ಒಣಗಿದಾಗಲೇ ಆ ಲೇಟೆಕ್ಸ್ ಒಳಗೆ ಪೊರೆಗಟ್ಟುವುದು.

ಜಾರದಿರುವುದಕ್ಕೂ ಅಡಿಕೆ ಒಣಗಿಸುವುದಕ್ಕೂ ಹೊಂದಿಕೆ ಮಾಡಲು ಅಂಗಳವನ್ನು ಎರಡು ಬಗೆಯಾಗಿ ಮುಗಿಸುವುದು ಲೇಸು. ಬಾಗಿಲಿನಿಂದ ಬಚ್ಚಲು, ಕೊಟ್ಟಿಗೆ, ಬಾವಿಕಟ್ಟೆಗೆ ಹೋಗುವ ಮೂರಡಿ ಅಗಲದ ದಾರಿಗೆ, ಗಾರೆ ಇನ್ನೂ ಬಿಗಿಯುತ್ತಿರುವಾಗ ತೆಂಗಿನ ಕಡ್ಡಿಪೊರಕೆಯನ್ನು ನಡಿಗೆಗೆ ಅಡ್ಡಲಾಗಿ ಎಳೆದು ಆಳವಾದ ಗೆರೆ ಮೂಡಿಸಿ. ಅಡಿಕೆ ಹರಡುವ ಉಳಿದ ಭಾಗಕ್ಕೆ ಮರದ ಹಲಗೆಯಿಂದ ಉಜ್ಜಿದ ಒರಟು ಮುಕ್ತಾಯ ಸಾಕು, ಗುಡಿಸಲೂ ಕಷ್ಟವಾಗದು. ಉಕ್ಕಿನ ಕರಣೆಯಿಂದ ಹೊಳಪು ಮಾತ್ರ ಬರಿಸಬೇಡಿ. ಸೂರಿನ ನೀರಿಗೆ ದೋಣಿ ಕಟ್ಟಿಸಿ ಪೈಪಿನಲ್ಲಿ ಇಳಿಸದೆ ಹೊಸ ಪದರ ಹಾಕಿದರೆ ಅದೇ ಗುಳಿಗಳು ಅದೇ ಸಾಲಿನಲ್ಲಿ ಮತ್ತೆ ಬೀಳುತ್ತವೆ, ಹಾಗಾಗಿ ದೋಣಿಯ ಕೆಲಸ ಮೊದಲು ಆಗಲಿ. ಕೊಯ್ಲಿನ ಅಡಿಕೆ ಒಣಗಿ ಅಂಗಳ ಖಾಲಿಯಾದ ಮೇಲೆ, ಫೆಬ್ರವರಿ ಅಥವಾ ಮಾರ್ಚಿನಲ್ಲಿ, ಬೆಳಗಿನ ತಂಪಿನಲ್ಲಿ ಕೆಲಸ ಹಿಡಿಯಿರಿ. ಮನೆಯಲ್ಲಿ ನೆರಳುಬಲೆ ಇದ್ದೇ ಇರುತ್ತದೆ; ಅದನ್ನು ಮೇಲೆ ಕಟ್ಟಿದರೆ ಬಿಸಿಲಿಗೆ ಗಾರೆ ಸೀಳುವುದು ತಪ್ಪುತ್ತದೆ.

ಪ್ರಶ್ನೆ: ಸಮುದ್ರದಿಂದ ಕಾಲು ಕಿಲೋಮೀಟರ್ ದೂರದಲ್ಲಿ ನಮ್ಮ ಮನೆಯಿದೆ. ಹೊರಗಿನ ತಾರಸಿ ಮೆಟ್ಟಿಲುಗಳ ಅಂಚು ಉದುರುತ್ತಿದೆ, ಅಡಿಭಾಗದಲ್ಲಿ ಕಂದು ಕಲೆ, ಉದ್ದುದ್ದ ಬಿರುಕು. ಮೇಲಿನಿಂದ ಒಳ್ಳೆಯ ಗಾರೆ ಮೆತ್ತಿದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ.
— ಓದುಗರೊಬ್ಬರು, ಕುಂದಾಪುರ

ಉತ್ತರ: ದಯವಿಟ್ಟು ಮೆತ್ತಿಸಬೇಡಿ. ನೆಲಕ್ಕೆ ಹಾಸಿದ ಕಾಂಕ್ರೀಟಿಗೂ ಮೆಟ್ಟಿಲಿಗೂ ಇರುವ ವ್ಯತ್ಯಾಸವೆಂದರೆ, ಮೆಟ್ಟಿಲನ್ನು ಎತ್ತಿ ಹಿಡಿದಿರುವುದು ಒಳಗಿನ ಕಬ್ಬಿಣ. ಕಂದು ಕಲೆ ಆ ಕಬ್ಬಿಣದ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ, ಮೇಲಿನ ಗಾರೆ ಆ ಸೀಳನ್ನು ಕಣ್ಣಿಗೆ ಮರೆಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಐಎಸ್ 456 ಕರಾವಳಿಯ ವಾತಾವರಣವನ್ನು ತೀವ್ರ ಎಂದು ಗುರುತಿಸಿ ಕಬ್ಬಿಣದ ಮೇಲೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕೆನ್ನುತ್ತದೆ. ಮನೆಯ ಮೆಟ್ಟಿಲುಗಳಲ್ಲಿ ಅದರ ಅರ್ಧದಷ್ಟೂ ಇಲ್ಲದಿರುವುದನ್ನು ನಾನು ಅನೇಕ ಕಡೆ ನೋಡಿದ್ದೇನೆ.

ಮೊದಲು ರಚನಾ ಎಂಜಿನಿಯರೊಬ್ಬರಿಗೆ ತೋರಿಸಿ. ಸಾಮಾನ್ಯವಾಗಿ ಮೆಟ್ಟಿಲಿಗೆ ಕೆಳಗಿನಿಂದ ಆಸರೆ ಕೊಟ್ಟು, ಬಿರುಕು ಬಿಟ್ಟ ಕಾಂಕ್ರೀಟನ್ನು ಕಂಬಿಯ ಹಿಂದಕ್ಕೂ ಸುಮಾರು ಒಂದು ಅಂಗುಲ ಕೆತ್ತಿ, ಕಂಬಿಯನ್ನು ಸುತ್ತಲೂ ಹೊಳೆಯುವವರೆಗೆ ಉಜ್ಜಿ, ಸವೆದು ಸಣ್ಣಗಾದ ಕಂಬಿಯ ಪಕ್ಕ ಹೊಸತನ್ನು ಕಟ್ಟಿ, ಆಮೇಲೆ ದುರಸ್ತಿ ಗಾರೆ ತುಂಬುತ್ತಾರೆ. ಉಪ್ಪು ಸೇರಿದ ಹಳೆಯ ಕಾಂಕ್ರೀಟ್ ಪಕ್ಕದಲ್ಲಿ ಉಳಿದರೆ ತೇಪೆಯ ಅಂಚಿನಲ್ಲೇ ತುಕ್ಕು ಇನ್ನಷ್ಟು ಬೇಗ ಹಿಡಿಯುವುದುಂಟು. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಮೆಟ್ಟಿಲುಗಳು ಹೀಗೆ ಆಗಿದ್ದರೆ ಹೊಸದಾಗಿ ಎರಕ ಹಾಕಿಸುವುದೇ ಮೇಲೆಂದು ನನಗನಿಸುತ್ತದೆ. ಆಗ ಉಪ್ಪುನೀರಿನ ಬಾವಿಯ ನೀರಿನಿಂದ ಕಲಸುವುದಾಗಲಿ ನೆನೆಸುವುದಾಗಲಿ ಬೇಡವೇ ಬೇಡ. ಎಂಜಿನಿಯರ್ ನೋಡುವವರೆಗೆ ಮಕ್ಕಳು ಆ ಮೆಟ್ಟಿಲ ಕೆಳಗೆ ಆಡದಿರಲಿ.

ಪ್ರಶ್ನೆ: ನಮ್ಮ ಮನೆಯ ಮುಂದಿನ ಕಾಂಕ್ರೀಟ್ ಪ್ರತಿ ಬೇಸಿಗೆಗೆ ಬಿರಿಯುತ್ತದೆ, ಮಳೆಗಾಲಕ್ಕೆ ಒಂದೊಂದು ಕಡೆ ಉಬ್ಬುತ್ತದೆ. ಮೂರು ಸಲ ಮೇಲೆ ಗಾರೆ ಹಾಕಿಸಿದ್ದಾಯಿತು. ಎರೆಮಣ್ಣಿನ ಜಾಗ.
— ಓದುಗರೊಬ್ಬರು, ನವಲಗುಂದ

ಉತ್ತರ: ಕೊನೆಯ ಎರಡು ಪದಗಳಲ್ಲಿ ನೀವೇ ಕಾರಣ ಬರೆದುಬಿಟ್ಟಿದ್ದೀರಿ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ಹೊಲದಲ್ಲಿ ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬೀಳುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆ ನೆಲದ ಮೇಲೆ ನಾಲ್ಕನೆಯ ಸಲ ಗಾರೆ ಹಾಕಿಸಿದರೂ ಅದು ಮೊದಲ ಮೂರರ ಹಾದಿಯನ್ನೇ ಹಿಡಿಯುತ್ತದೆ. ಹಳೆಯ ಕಾಂಕ್ರೀಟನ್ನು ಎತ್ತಿಸಿ, ಎರಡು ಅಡಿಯವರೆಗಾದರೂ ಎರೆಮಣ್ಣು ತೆಗೆಸಿ, ಗರಸು ತುಂಬಿಸಿ, ಅರ್ಧರ್ಧ ಅಡಿಗೆ ನೀರು ಹಾಕಿ ದಮ್ಮಸು ಹೊಡೆಸಿ. ಮೇಲೆ ಮತ್ತೆ ಒಂದೇ ಹಾಸಿನ ಕಾಂಕ್ರೀಟ್ ಹಾಕುವ ಬದಲು ದಪ್ಪನೆಯ ಶಹಾಬಾದ್ ಕಲ್ಲನ್ನಾಗಲಿ ಇಂಟರ್‌ಲಾಕ್ ಬ್ಲಾಕನ್ನಾಗಲಿ ಮರಳಿನ ಮೇಲೆ ಕೂಡಿಸಿದರೆ, ಎಲ್ಲಾದರೂ ಒಂದು ಕಡೆ ಉಬ್ಬಿದಾಗ ನಾಲ್ಕು ಕಲ್ಲು ಎತ್ತಿ ಸಮ ಮಾಡಿ ಮತ್ತೆ ಇಡಬಹುದು. ಮನೆಯ ಮಾಡಿನ ನೀರೂ ಬಚ್ಚಲ ನೀರೂ ಅಲ್ಲಿ ಇಂಗದಂತೆ ದೂರ ಸಾಗಿಸಿ.

ಪ್ರಶ್ನೆ: ಮನೆಯ ಹಿಂದಿನ ಕಾಂಕ್ರೀಟ್ ಹಾದಿ ಕಪ್ಪಾಗಿದೆ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ತೊಳೆದು, ಮೇಲೆ ಎಪಾಕ್ಸಿ ಬಣ್ಣ ಬಳಿದರೆ ಹೊಸದರಂತೆ ಆಗುತ್ತದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಆಸಿಡ್ ಕೊಳೆಯನ್ನು ಮಾತ್ರ ತಿನ್ನುವುದಿಲ್ಲ, ಸಿಮೆಂಟನ್ನೂ ತಿನ್ನುತ್ತದೆ. ಪ್ರತಿ ಸಲ ತೊಳೆದಾಗಲೂ ಮೇಲ್ಮೈ ಇನ್ನಷ್ಟು ರಂಧ್ರಮಯವಾಗಿ, ಮುಂದಿನ ಮಳೆಗೆ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. ಸೋಪಿನ ಪುಡಿ, ಗಟ್ಟಿ ಬ್ರಷ್, ಒತ್ತಡದ ನೀರು ಇವಿಷ್ಟರಿಂದಲೇ ಬಹುಪಾಲು ಕಪ್ಪು ಹೋಗುತ್ತದೆ. ಮನೆಯಲ್ಲಿ ಆಸಿಡ್ ಇದ್ದರೆ ಅದನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಒಂದೇ ಜಾಗದಲ್ಲಿ ಒಟ್ಟಿಗೆ ಬಳಸಬೇಡಿ, ಅವೆರಡೂ ಸೇರಿದರೆ ಏಳುವ ಕ್ಲೋರಿನ್ ಅನಿಲ ಉಸಿರಿಗೆ ವಿಷ. ಎಪಾಕ್ಸಿ ಬಣ್ಣ ಒಳಾಂಗಣಕ್ಕೆ ಒಳ್ಳೆಯದು, ಬಿಸಿಲಿಗೆ ಹಳದಿ ತಿರುಗಿ ಪುಡಿಯಾಗುತ್ತದೆ, ಒದ್ದೆಯಾದಾಗ ಜಾರುತ್ತದೆ. ನಿಮ್ಮ ಹಾದಿ ಗಟ್ಟಿಯಾಗಿದ್ದು ಬರೀ ಪುಡಿ ಏಳುತ್ತಿದ್ದರೆ ಬಣ್ಣದ ಬದಲು ಸಿಲಿಕೇಟ್ ಗಟ್ಟಿಕಾರಕ ದ್ರವವನ್ನು ಹಚ್ಚಿಸಿ. ಅದು ಕಾಂಕ್ರೀಟಿನೊಳಗೆ ಉಳಿದಿರುವ ಸುಣ್ಣದೊಂದಿಗೆ ಸೇರಿ ಅಲ್ಲಿಯೇ ಗಟ್ಟಿಯಾಗುತ್ತದೆ, ಮೇಲೆ ಪೊರೆಯಾಗಿ ನಿಲ್ಲುವುದಿಲ್ಲವಾದ್ದರಿಂದ ಸುಲಿದು ಬರುವ ಪ್ರಶ್ನೆಯೂ ಇಲ್ಲ. ಹಾದಿ ಚೆನ್ನಾಗಿ ಒಣಗಿರುವ ದಿನ ನೋಡಿ, ಡಬ್ಬದ ಮೇಲೆ ಹೇಳಿದಷ್ಟೇ ಹಚ್ಚಿ, ಒಳಗೆ ಇಳಿಯದೆ ಉಳಿದದ್ದನ್ನು ಬಿಳಿ ಕಲೆಯಾಗಿ ಒಣಗುವ ಮೊದಲೇ ನೀರಿನಿಂದ ತೊಳೆದುಬಿಡಿ.